ಮನೆಯ ಸ್ಟುಡಿಯೋದಲ್ಲಿ ಡ್ರಮ್ಸ್: ಕೋಲಿನ ಏಟಿನಿಂದ ಮಿಕ್ಸ್‌ವರೆಗೆ ಸಮಗ್ರ ಮಾರ್ಗದರ್ಶಿ

ಮನೆಯಲ್ಲೇ ಹಾಡು ಕಟ್ಟುವವರು ಡ್ರಮ್ಸ್ ವಿಷಯಕ್ಕೆ ಬಂದ ಕೂಡಲೇ ಕೇಳುವುದು ‘ಯಾವ ಡ್ರಮ್ ಲೈಬ್ರರಿ (ಮೊದಲೇ ಮುದ್ರಿಸಿಟ್ಟ ಡ್ರಮ್ ಧ್ವನಿಗಳ ಸಂಗ್ರಹ) ಕೊಳ್ಳಲಿ?’ ಎಂದು. ಆ ಪ್ರಶ್ನೆಯ ಸರದಿ ಬರಬೇಕಾದದ್ದು ಬಹಳ ತಡವಾಗಿ. ಕೋಲು ಪ್ಯಾಡಿಗೆ ತಾಗಿದ ಗಳಿಗೆಗೂ ಆ ಧ್ವನಿ ಕಿವಿಗೆ ಬೀಳುವ ಗಳಿಗೆಗೂ ನಡುವೆ ಎಷ್ಟು ಅಂತರವಿದೆ? ಮೆಲ್ಲಗೆ ಹೊಡೆದದ್ದು ಮೆಲ್ಲಗೇ ಕೇಳುತ್ತದೆಯೇ? ಹೈ-ಹ್ಯಾಟ್ (ಕಾಲಿನ ಪೆಡಲ್‌ನಿಂದ ತೆರೆದು ಮುಚ್ಚುವ ಜೋಡಿ ಸಿಂಬಲ್) ಅರ್ಧ ತೆರೆದಾಗ ಅರ್ಧ ತೆರೆದಂತೆಯೇ ನುಡಿಯುತ್ತದೆಯೇ? ಈ ಮೂರು ಸರಿಯಿದ್ದರೆ ಉಚಿತ ಲೈಬ್ರರಿಯಲ್ಲೂ ಜೀವ ಇರುತ್ತದೆ. ಇವು ಕೆಟ್ಟಿದ್ದರೆ ನೂರಾರು ಜಿಬಿಯ ಲೈಬ್ರರಿಯೂ ಯಂತ್ರದಂತೆ ಬಡಿಯುತ್ತದೆ. ಆದ್ದರಿಂದ ಇಲ್ಲಿ ಮೊದಲು ಕೈಯಿಂದ ಕಿವಿಯವರೆಗಿನ ದಾರಿ, ಆಮೇಲೆ ಧ್ವನಿ, ಕೊನೆಗೆ ಮಿಕ್ಸ್.

ಹಂತ 1: ನಿಮ್ಮ ದಾರಿ ಯಾವುದು ಎಂದು ನಿರ್ಧರಿಸಿ

ನಾಲ್ಕು ದಾರಿಗಳಿವೆ. ಅಕೌಸ್ಟಿಕ್ ಕಿಟ್‌ಗೆ ಮೈಕ್ ಹಾಕಿ ಮುದ್ರಿಸಬಹುದು. ಎಲೆಕ್ಟ್ರಾನಿಕ್ ಕಿಟ್ ನುಡಿಸಿ ಅದನ್ನು ಮಿಡಿ ರೂಪದಲ್ಲಿ, ಅಂದರೆ ಧ್ವನಿಯಾಗಿ ಅಲ್ಲದೆ ಏಟುಗಳ ಮಾಹಿತಿಯಾಗಿ, ದಾಖಲಿಸಬಹುದು. ಮೇಜಿನ ಮೇಲೆ ಇಡುವ ಪ್ಯಾಡ್ ಕಂಟ್ರೋಲರನ್ನು ಬೆರಳುಗಳಿಂದ ನುಡಿಸಬಹುದು. ಏನೂ ಇಲ್ಲದಿದ್ದರೆ ಮೌಸ್ ಹಿಡಿದು ಒಂದೊಂದೇ ಏಟನ್ನು ಪರದೆಯ ಮೇಲೆ ಬರೆಯಬಹುದು.

ನೀವು ಡ್ರಮ್ಮರ್ ಆಗಿದ್ದು ಅಕ್ಕಪಕ್ಕದಲ್ಲಿ ಮನೆಗಳಿದ್ದರೆ ಎರಡನೆಯ ದಾರಿಯೇ ಸರಿ. ಗಿಟಾರ್ ಅಥವಾ ಕೀಬೋರ್ಡ್ ನುಡಿಸುವವರು, ಹಾಡುಗಾರರು ಮೂರನೆಯದನ್ನೂ ನಾಲ್ಕನೆಯದನ್ನೂ ಬೆರೆಸಿಕೊಳ್ಳಲಿ: ಕಿಕ್ (ಕಾಲಿನಿಂದ ಒದೆಯುವ ದೊಡ್ಡ ಡ್ರಮ್) ಮತ್ತು ಸ್ನೇರ್ (ಚುರುಕು ಸದ್ದಿನ ಡ್ರಮ್) ಬೆರಳಿನಲ್ಲಿ ನುಡಿಸಿ, ಉಳಿದದ್ದನ್ನು ಬರೆದು ತುಂಬುವುದು. ಡ್ರಮ್ಸ್ ಕಲಿಯುವ ಆಸೆಯಿಂದ ಕಿಟ್ ಕೊಳ್ಳುವುದು ಒಳ್ಳೆಯ ಆಸೆಯೇ. ಆದರೆ ಈ ತಿಂಗಳು ಮುಗಿಯಬೇಕಾದ ಹಾಡನ್ನು ಆ ಆಸೆಯ ಹೆಗಲಿಗೆ ಹೊರಿಸಬೇಡಿ.

ಹಂತ 2: ಎಲೆಕ್ಟ್ರಾನಿಕ್ ಕಿಟ್‌ನಲ್ಲಿ ನೋಡಬೇಕಾದದ್ದು

ಮಾಡ್ಯೂಲ್‌ನಲ್ಲಿ (ಪ್ಯಾಡುಗಳ ಏಟನ್ನು ಗ್ರಹಿಸಿ ಧ್ವನಿ ಹೊರಡಿಸುವ ಕಿಟ್‌ನ ಮಿದುಳು) ಎಷ್ಟು ನೂರು ಧ್ವನಿಗಳಿವೆ ಎಂಬುದನ್ನು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿಸಿರುತ್ತಾರೆ. ಕಂಪ್ಯೂಟರಿನಲ್ಲಿ ಬೇರೆ ಲೈಬ್ರರಿ ಬಳಸುವವರಿಗೆ ಆ ಸಂಖ್ಯೆಯಿಂದ ಹೆಚ್ಚು ಉಪಯೋಗವಿಲ್ಲ. ನೀವು ಕೊಳ್ಳುತ್ತಿರುವುದು ಕೈಕಾಲುಗಳ ಚಲನೆಯನ್ನು ಅಂಕಿಗಳಾಗಿಸುವ ಒಂದು ಸಾಧನ. ಅದು ಆ ಕೆಲಸವನ್ನು ಎಷ್ಟು ನಿಷ್ಠೆಯಿಂದ ಮಾಡುತ್ತದೆ ಎಂಬುದಷ್ಟೇ ಮುಖ್ಯ.

ಮೊದಲು ಸ್ನೇರ್ ಪ್ಯಾಡ್ ನೋಡಿ. ಬಲೆಯಂಥ ಮೆಶ್ ಹೊದಿಕೆಯ ಪ್ಯಾಡುಗಳು 1997ರಲ್ಲಿ ರೋಲಂಡ್‌ನ ವಿ-ಡ್ರಮ್ಸ್ ಮೂಲಕ ಬಳಕೆಗೆ ಬಂದವು. ಇಂದು ಅಗ್ಗದ ಕಿಟ್‌ಗಳಲ್ಲೂ ಇವೆ. ರಬ್ಬರ್ ಪ್ಯಾಡಿಗಿಂತ ಇವುಗಳ ಸದ್ದು ಕಡಿಮೆ, ಮಣಿಕಟ್ಟಿಗೆ ಆಗುವ ನೋವೂ ಕಡಿಮೆ. ಸ್ನೇರ್‌ಗೆ ಎರಡು ವಲಯ ಇರಲೇಬೇಕು, ನಡುಭಾಗ ಒಂದು, ಅಂಚು ಇನ್ನೊಂದು. ಟಾಮ್‌ಗಳಿಗೆ ಒಂದೇ ವಲಯವಿದ್ದರೂ ನಡೆಯುತ್ತದೆ.

ಅನಂತರ ಹೈ-ಹ್ಯಾಟ್. ಅಗ್ಗದ ಕಿಟ್‌ಗಳು ಸೋಲುವುದು ಇಲ್ಲೇ. ಪೆಡಲನ್ನು ‘ತೆರೆದಿದೆ’, ‘ಮುಚ್ಚಿದೆ’ ಎಂದು ಎರಡೇ ಸ್ಥಿತಿಗಳಲ್ಲಿ ಗುರುತಿಸುವ ಕಿಟ್‌ನಿಂದ ರಾಕ್ ಹಾಡಿನ ಅರ್ಧ ತೆರೆದ ಹೈ-ಹ್ಯಾಟ್ ಎಂದಿಗೂ ಹೊರಡುವುದಿಲ್ಲ. ಪೆಡಲ್ ನಿಧಾನವಾಗಿ ಎತ್ತುತ್ತಾ ಇನ್ನೊಂದು ಕೈಯಲ್ಲಿ ಹ್ಯಾಟ್ ಹೊಡೆಯುತ್ತಾ ಇರಿ. ಧ್ವನಿ ಮೆಟ್ಟಿಲು ಮೆಟ್ಟಿಲಾಗಿ ಬದಲಾಗದೆ ಹರಿಯುವಂತೆ ಬದಲಾಗಬೇಕು. ಎರಡು ಕಿಟ್‌ಗಳ ನಡುವೆ ಆಯ್ಕೆ ಕಷ್ಟವಾದರೆ ಹೈ-ಹ್ಯಾಟ್ ಚೆನ್ನಾಗಿರುವುದನ್ನೇ ಆರಿಸಿ.

ಮಾಡ್ಯೂಲ್‌ನಲ್ಲಿ ಯುಎಸ್‌ಬಿ-ಮಿಡಿ ಇದೆಯೇ, ಒಂದೆರಡು ಹೆಚ್ಚುವರಿ ಪ್ಯಾಡ್ ಜೋಡಿಸಲು ಜಾಗವಿದೆಯೇ, ಸಿಂಬಲ್‌ನ ಅಂಚನ್ನು ಕೈಯಲ್ಲಿ ಹಿಡಿದರೆ ಸದ್ದು ನಿಲ್ಲುತ್ತದೆಯೇ ಎಂದೂ ನೋಡಿಕೊಳ್ಳಿ.

ಎಲೆಕ್ಟ್ರಾನಿಕ್ ಕಿಟ್ ಎಂದರೆ ನಿಶ್ಶಬ್ದ ಎಂಬ ನಂಬಿಕೆಗೆ ಕೆಳಗಿನ ಮನೆಯವರ ಒಪ್ಪಿಗೆ ಸಿಗುವುದಿಲ್ಲ. ಗಾಳಿಯಲ್ಲಿ ಹರಡುವ ಸದ್ದು ಕಡಿಮೆಯಾಗಿರುತ್ತದೆ, ನಿಜ. ಕಿಕ್ ಪೆಡಲ್‌ನ ಒದೆತ ಮಾತ್ರ ನೆಲದ ಮೂಲಕ ಕಟ್ಟಡಕ್ಕೆ ಇಳಿಯುತ್ತದೆ, ತೆಳುವಾದ ರಬ್ಬರ್ ಚಾಪೆ ಅದನ್ನು ತಡೆಯುವುದಿಲ್ಲ. ಎರಡು ದಪ್ಪ ಪ್ಲೈವುಡ್ ಹಲಗೆಗಳ ನಡುವೆ ಟೆನಿಸ್ ಚೆಂಡುಗಳನ್ನು ಸಮನಾಗಿ ಹರಡಿ ಕೂರಿಸಿ, ಮೇಲೆ ಕಂಬಳಿ ಹಾಕಿ ಕಿಟ್ ಇಟ್ಟರೆ ಅದುರು ಗಣನೀಯವಾಗಿ ತಗ್ಗುತ್ತದೆ. ಚೆಂಡುಗಳು ಉರುಳದಂತೆ ಕೆಳಗಿನ ಹಲಗೆಯಲ್ಲಿ ಚೆಂಡಿಗಿಂತ ಚಿಕ್ಕ ತೂತುಗಳನ್ನು ಕೊರೆದುಕೊಳ್ಳಬೇಕು. ಇದು ಡ್ರಮ್ಮರುಗಳ ವಲಯದಲ್ಲಿ ಹಳೆಯ ಉಪಾಯ. ಒಂದು ದಿನದ ಮರಗೆಲಸದಿಂದ ವರ್ಷಗಟ್ಟಲೆ ಜಗಳ ತಪ್ಪುತ್ತದೆ.

ಹಂತ 3: ಕಂಪ್ಯೂಟರಿಗೆ ಜೋಡಿಸುವುದು

ಮಾಡ್ಯೂಲ್‌ನಿಂದ ಕಂಪ್ಯೂಟರಿಗೆ ಯುಎಸ್‌ಬಿ ಕೇಬಲ್ ಹಾಕಿದರೆ ಮಿಡಿ ಸಂದೇಶಗಳು ಹರಿಯತೊಡಗುತ್ತವೆ. 1983ರಲ್ಲಿ ರೂಪುಗೊಂಡ ಈ ಮಿಡಿ ಭಾಷೆಯಲ್ಲಿ ಧ್ವನಿ ಇರುವುದಿಲ್ಲ. ಯಾವ ಪ್ಯಾಡ್, ಎಷ್ಟು ಜೋರು ಎಂಬ ಮಾಹಿತಿಯಷ್ಟೇ ಇರುತ್ತದೆ, ಯಾವಾಗ ಬಂತು ಎಂಬುದನ್ನು ತಂತ್ರಾಂಶ ಗುರುತು ಹಾಕಿಕೊಳ್ಳುತ್ತದೆ. ಹಳೆಯ ಮಾಡ್ಯೂಲ್‌ನಲ್ಲಿ ಐದು ಪಿನ್ನಿನ ದುಂಡು ಸಾಕೆಟ್ ಮಾತ್ರ ಇದ್ದರೆ ಮಿಡಿ ಸಾಕೆಟ್ ಇರುವ ಆಡಿಯೋ ಇಂಟರ್‌ಫೇಸ್ (ಕಂಪ್ಯೂಟರಿನ ಧ್ವನಿಯನ್ನು ಒಳಗೆ ಹೊರಗೆ ಸಾಗಿಸುವ ಹೊರ ಸಾಧನ) ಬೇಕಾಗುತ್ತದೆ. ಮಾಡ್ಯೂಲ್‌ನ ಔಟ್ ಇಂಟರ್‌ಫೇಸ್‌ನ ಇನ್‌ಗೆ ಹೋಗಬೇಕು. ಹೊಸಬರು ಇನ್‌ಗೆ ಇನ್ ಜೋಡಿಸಿ ತಲೆ ಕೆಡಿಸಿಕೊಳ್ಳುವುದು ಸಾಮಾನ್ಯ.

ಆಡಿಯೋ ಇಂಟರ್‌ಫೇಸ್ ಹೇಗೂ ಬೇಕು. ಯುಎಸ್‌ಬಿ ಇದ್ದಾಗ ಮಿಡಿ ಒಳಗೆ ಬರಲು ಅದು ಅಗತ್ಯವಿಲ್ಲದಿದ್ದರೂ ಧ್ವನಿ ಬೇಗ ಹೊರಗೆ ಬರಲು ಅಗತ್ಯ. ಲ್ಯಾಪ್‌ಟಾಪ್‌ನ ಹೆಡ್‌ಫೋನ್ ರಂಧ್ರವನ್ನೇ ನೆಚ್ಚಿಕೊಂಡರೆ, ಮುಖ್ಯವಾಗಿ ವಿಂಡೋಸ್‌ನಲ್ಲಿ, ಮುಂದಿನ ಹಂತದಲ್ಲಿ ಹೇಳುವ ತೊಂದರೆ ಖಚಿತ.

ಜೋಡಿಸಿದ ಮೇಲೆ ಒಂದು ಏಟಿಗೆ ಎರಡು ಧ್ವನಿ ಕೇಳಿದರೆ ಹೆದರಬೇಡಿ. ಮಾಡ್ಯೂಲ್‌ನ ಧ್ವನಿಯೂ ಲೈಬ್ರರಿಯ ಧ್ವನಿಯೂ ಒಟ್ಟಿಗೆ ಬರುತ್ತಿವೆ, ಅಷ್ಟೇ. ಮಾಡ್ಯೂಲ್‌ನ ಸೆಟ್ಟಿಂಗ್‌ನಲ್ಲಿ ‘ಲೋಕಲ್ ಕಂಟ್ರೋಲ್’ ಆಫ್ ಮಾಡಿ, ಅಥವಾ ಹೆಡ್‌ಫೋನನ್ನು ಇಂಟರ್‌ಫೇಸ್‌ಗೆ ಮಾತ್ರ ಹಾಕಿಕೊಳ್ಳಿ.

ಹಂತ 4: ತಡವನ್ನು ಕೊಲ್ಲುವುದು

ಪ್ಯಾಡ್ ಎಂಬ ಮೆತ್ತನೆಯ ಸಿಂಥ್ ಧ್ವನಿ ನುಡಿಸುವವರಿಗೆ ಸ್ವಲ್ಪ ತಡ ಗೊತ್ತೂ ಆಗುವುದಿಲ್ಲ. ಡ್ರಮ್ಮರ್‌ಗೆ ಹಾಗಲ್ಲ. ಕೋಲಿನ ತುದಿ ತಾಗಿದ್ದು ಕೈಗೆ ಗೊತ್ತಾಗಿದೆ, ಧ್ವನಿ ಇನ್ನೂ ಬಂದಿಲ್ಲ ಎಂದರೆ ಕೈ ತಾನಾಗಿಯೇ ಮುಂದೆ ಓಡತೊಡಗುತ್ತದೆ. ಆಗ ನಿಮ್ಮ ತಾಳ ಕೆಟ್ಟಿದೆ ಎಂದು ನಿಮಗೇ ಅನುಮಾನ ಬರುತ್ತದೆ. ಕೆಟ್ಟಿರುವುದು ಸೆಟ್ಟಿಂಗ್.

ಲೆಕ್ಕ ಸುಲಭ. ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಸಂಸ್ಕರಿಸುವ ಧ್ವನಿಯ ತುಣುಕು) ಗಾತ್ರವನ್ನು ಸ್ಯಾಂಪಲ್ ರೇಟ್‌ನಿಂದ (ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಎಂಬ ಸಂಖ್ಯೆ) ಭಾಗಿಸಿದರೆ ಒಂದು ಬಫರ್‌ನ ತಡ ಸಿಗುತ್ತದೆ. 44,100 ಹರ್ಟ್ಸ್‌ನಲ್ಲಿ 64 ಸ್ಯಾಂಪಲ್ ಎಂದರೆ ಸುಮಾರು 1.5 ಮಿಲಿಸೆಕೆಂಡ್, 128 ಎಂದರೆ 2.9, 256 ಎಂದರೆ 5.8, 512 ಎಂದರೆ 11.6, 1024 ಎಂದರೆ 23.2. ಇದರ ಮೇಲೆ ಮಾಡ್ಯೂಲ್ ಏಟನ್ನು ಗುರುತಿಸುವ ಹೊತ್ತು, ಡ್ರೈವರ್‌ನ ಒಳಗಿನ ಹೊತ್ತು, ಅಂಕಿ ಧ್ವನಿಯಾಗಿ ಪರಿವರ್ತನೆಯಾಗುವ ಹೊತ್ತು ಸೇರುತ್ತವೆ. ಧ್ವನಿ ಗಾಳಿಯಲ್ಲಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಚಲಿಸುತ್ತದೆ. ಅಂದರೆ ಅಕೌಸ್ಟಿಕ್ ಕಿಟ್‌ನಲ್ಲಿ ಕೂಡ ಸ್ನೇರ್‌ನಿಂದ ಕಿವಿಗೆ ಸದ್ದು ಬರಲು ಎರಡು ಮಿಲಿಸೆಕೆಂಡಿನಷ್ಟು ಬೇಕು. ಒಟ್ಟು ತಡ ಹತ್ತು ಮಿಲಿಸೆಕೆಂಡಿನೊಳಗೆ ಇದ್ದರೆ ಹೆಚ್ಚಿನವರು ನೆಮ್ಮದಿಯಿಂದ ನುಡಿಸುತ್ತಾರೆ.

ಮಾಡಬೇಕಾದದ್ದು ಇಷ್ಟು. ವಿಂಡೋಸ್‌ನಲ್ಲಿ ಇಂಟರ್‌ಫೇಸ್ ತಯಾರಕರದೇ ಎಎಸ್‌ಐಒ ಎಂಬ ಕಡಿಮೆ ತಡದ ಆಡಿಯೋ ಡ್ರೈವರ್ ಹಾಕಿಕೊಂಡು ತಂತ್ರಾಂಶದಲ್ಲಿ ಅದನ್ನೇ ಆರಿಸಿ. ಎಲ್ಲದಕ್ಕೂ ಹೊಂದುವ ಎಎಸ್‌ಐಒ4ಆಲ್ ತಾತ್ಕಾಲಿಕ ಪರಿಹಾರ ಮಾತ್ರ. ಮ್ಯಾಕ್‌ನಲ್ಲಿ ಕೋರ್ ಆಡಿಯೋ ಮೊದಲೇ ಇರುವುದರಿಂದ ಈ ತಲೆನೋವಿಲ್ಲ. ಬಫರ್ 128ಕ್ಕೆ ಇಳಿಸಿ ನುಡಿಸಿ ನೋಡಿ. ಚಟಪಟ ಸದ್ದು ಬಂದರೆ 256ಕ್ಕೆ ಏರಿಸಿ, ಬಾರದಿದ್ದರೆ 64 ಪ್ರಯತ್ನಿಸಿ. ಮುದ್ರಣದ ಹೊತ್ತಿನಲ್ಲಿ ಮಾಸ್ಟರ್ ಚಾನೆಲ್‌ನ ಲಿಮಿಟರ್, ಲೀನಿಯರ್ ಫೇಸ್ ಈಕ್ಯೂ ಮುಂತಾದವನ್ನು ತೆಗೆಯಿರಿ. ಮುಂದೆ ಬರುವ ಧ್ವನಿಯನ್ನು ಮೊದಲೇ ಇಣುಕಿ ನೋಡಲು ಇವು ಎಲ್ಲವನ್ನೂ ತಡ ಮಾಡುತ್ತವೆ. ಬ್ಲೂಟೂತ್ ಹೆಡ್‌ಫೋನ್‌ಗೆ ಈ ಕೋಣೆಯಲ್ಲಿ ಜಾಗವಿಲ್ಲ. ಮಿಕ್ಸ್ ಮಾಡುವಾಗ ಬಫರನ್ನು 1024ಕ್ಕೆ ಏರಿಸಿಕೊಳ್ಳಬಹುದು, ಆಗ ಯಾರೂ ನುಡಿಸುತ್ತಿರುವುದಿಲ್ಲ.

ತಂತ್ರಾಂಶ ತೋರಿಸುವ ತಡದ ಸಂಖ್ಯೆಯನ್ನು ಪೂರ್ತಿ ನಂಬುವ ಅಗತ್ಯವಿಲ್ಲ, ಅಳೆಯಬಹುದು. ಫೋನಿನ ಧ್ವನಿಮುದ್ರಣ ಆನ್ ಮಾಡಿ ಸ್ನೇರ್ ಪ್ಯಾಡಿನ ಪಕ್ಕದಲ್ಲಿಡಿ. ಹೆಡ್‌ಫೋನಿನ ಒಂದು ಬಟ್ಟಲನ್ನು ಫೋನಿನ ಮೈಕ್‌ಗೆ ತಾಗುವಂತೆ ಇಡಿ. ಪ್ಯಾಡಿಗೆ ಒಂದು ಚುರುಕಾದ ಏಟು ಕೊಡಿ. ಆ ಮುದ್ರಣವನ್ನು ತಂತ್ರಾಂಶದೊಳಗೆ ತಂದು ಹಿಗ್ಗಿಸಿ ನೋಡಿದರೆ ಮೊದಲು ಕೋಲಿನ ಟಕ್ ಸದ್ದು, ಆಮೇಲೆ ಡ್ರಮ್ ಧ್ವನಿ ಕಾಣುತ್ತದೆ. ಎರಡರ ನಡುವಿನ ಅಂತರವೇ ನಿಮ್ಮ ನಿಜವಾದ ತಡ.

ಎಷ್ಟು ಮಾಡಿದರೂ ಹಳೆಯ ಕಂಪ್ಯೂಟರ್ ಒಪ್ಪದಿದ್ದರೆ ಇನ್ನೊಂದು ಉಪಾಯವಿದೆ. ಮಾಡ್ಯೂಲ್‌ನ ಸ್ವಂತ ಧ್ವನಿಯನ್ನೇ ಕೇಳುತ್ತಾ ನುಡಿಸಿ, ಮಿಡಿ ಮಾತ್ರ ದಾಖಲಿಸಿ, ಲೈಬ್ರರಿಯನ್ನು ಆಮೇಲೆ ಹಚ್ಚಿ. ಆಗ ನೀವು ಮಾಡ್ಯೂಲ್‌ನ ಸ್ನೇರ್‌ಗೆ ಸ್ಪಂದಿಸಿ ನುಡಿಸಿರುತ್ತೀರಿ, ಲೈಬ್ರರಿಯ ಸ್ನೇರ್‌ಗೆ ಆ ಜೋರು-ಮೆದು ಪೂರ್ತಿ ಹೊಂದದಿರಬಹುದು. ಆದರೂ ತಡದೊಂದಿಗೆ ಗುದ್ದಾಡುವುದಕ್ಕಿಂತ ಇದು ಮೇಲು.

ಹಂತ 5: ತಂತ್ರಾಂಶ

ಯಾವ ರೆಕಾರ್ಡಿಂಗ್ ತಂತ್ರಾಂಶ ಎಂಬ ಚರ್ಚೆಗೆ ನಾನು ಹೆಚ್ಚು ಜಾಗ ಕೊಡುವುದಿಲ್ಲ. ಮ್ಯಾಕ್ ಇದ್ದರೆ ಗ್ಯಾರೇಜ್‌ಬ್ಯಾಂಡ್ ಉಚಿತ, ಕಲಿತ ಮೇಲೆ ಲಾಜಿಕ್ ಪ್ರೊಗೆ ಏರಬಹುದು. ಅದರ ಡ್ರಮ್ಮರ್ ಎಂಬ ಸೌಲಭ್ಯ 2013ರಿಂದ ಇದೆ, ಡ್ರಮ್ಸ್ ನುಡಿಸಲು ಬಾರದವರಿಗೆ ಬಹಳ ನೆರವಾಗುತ್ತದೆ. ವಿಂಡೋಸ್‌ನಲ್ಲಿ ರೀಪರ್ ಹಗುರ, 60 ದಿನ ಬಳಸಿ ನೋಡಲು ಬಿಡುತ್ತದೆ. ಲೂಪ್‌ಗಳನ್ನು ಪೇರಿಸಿ ಹಾಡು ಕಟ್ಟುವವರಿಗೆ ಏಬಲ್ಟನ್ ಲೈವ್, ಬೀಟ್ ಬರೆಯುವವರಿಗೆ ಎಫ್ಎಲ್ ಸ್ಟುಡಿಯೋ ಒಗ್ಗುತ್ತದೆ. ಲಿನಕ್ಸ್ ಬಳಸುವವರಿಗೆ ಆರ್ಡರ್ (Ardour) ಎಂಬ ಮುಕ್ತ ತಂತ್ರಾಂಶವೂ, ಡ್ರಮ್ ಬರೆಯಲು ಹೈಡ್ರೋಜನ್ ಕೂಡ ಇವೆ. ಯಾವುದಾದರೂ ಒಂದನ್ನು ಹಿಡಿದು ಒಂದು ವರ್ಷ ಬಿಡದೆ ಬಳಸುವುದರಲ್ಲಿ ಇರುವ ಲಾಭ, ಐದನ್ನು ಹೋಲಿಸಿ ನೋಡುವುದರಲ್ಲಿ ಇಲ್ಲ.

ಹಂತ 6: ಡ್ರಮ್ ಲೈಬ್ರರಿ

ಈಗ ಲೈಬ್ರರಿಯ ಸರದಿ. ಒಂದು ಲೈಬ್ರರಿಯ ಗುಣ ಎರಡು ಸಂಗತಿಗಳ ಮೇಲೆ ನಿಂತಿದೆ. ಒಂದೇ ಡ್ರಮ್ಮನ್ನು ಬೇರೆ ಬೇರೆ ಬಲದಲ್ಲಿ ಹೊಡೆದು ಎಷ್ಟು ಪದರಗಳಲ್ಲಿ ಮುದ್ರಿಸಿದ್ದಾರೆ ಎಂಬುದು ಮೊದಲನೆಯದು. ಒಂದೇ ಬಲದ ಏಟನ್ನು ಎಷ್ಟು ಬಾರಿ ಮುದ್ರಿಸಿ ಸರದಿಯ ಮೇಲೆ ನುಡಿಸುತ್ತಾರೆ ಎಂಬುದು ಎರಡನೆಯದು, ಇದಕ್ಕೆ ರೌಂಡ್ ರಾಬಿನ್ ಎನ್ನುತ್ತಾರೆ. ಇವೆರಡೂ ಇಲ್ಲದ ಸ್ನೇರ್‌ನಲ್ಲಿ ರೋಲ್ ನುಡಿಸಿದರೆ ಮೆಷಿನ್ ಗನ್ ಸದ್ದು ಬರುತ್ತದೆ.

ಟೂನ್‌ಟ್ರ್ಯಾಕ್‌ನ ಸುಪೀರಿಯರ್ ಡ್ರಮ್ಮರ್ 3ರಲ್ಲಿ ಮೂಲ ಧ್ವನಿ ಸುಮಾರು 230 ಜಿಬಿಯಷ್ಟಿದೆ, ಪ್ರತಿ ಮೈಕ್‌ಗೆ ಪಕ್ಕದ ಡ್ರಮ್ಮುಗಳಿಂದ ಬರುವ ಸದ್ದಿನ ಸೋರಿಕೆಯನ್ನೂ ನಿಯಂತ್ರಿಸಬಹುದು. ಅಷ್ಟು ಆಳಕ್ಕೆ ಇಳಿಯುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಅದೇ ಮನೆಯ ಈಜಿಡ್ರಮ್ಮರ್, ಎಕ್ಸ್ಎಲ್ಎನ್‌ನ ಅಡಿಕ್ಟಿವ್ ಡ್ರಮ್ಸ್ ಬೇಗ ಕೆಲಸ ಮುಗಿಸಿಕೊಡುತ್ತವೆ. ಆರಂಭಕ್ಕೆ ಉಚಿತವಾದ ಎಂಟಿ ಪವರ್ ಡ್ರಮ್ ಕಿಟ್ ಅಥವಾ ಸ್ಟೀವನ್ ಸ್ಲೇಟ್ ಡ್ರಮ್ಸ್‌ನ ಉಚಿತ ಆವೃತ್ತಿ ಸಾಕು. ದೊಡ್ಡ ಲೈಬ್ರರಿಯನ್ನು ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಇಡಬೇಡಿ, ಎಸ್‌ಎಸ್‌ಡಿಯಲ್ಲಿಡಿ.

ಹಂತ 7: ಮ್ಯಾಪಿಂಗ್ ಮತ್ತು ಹೈ-ಹ್ಯಾಟ್

ಕಿಕ್ ಒದ್ದರೆ ಕೌಬೆಲ್ ಬಾರಿಸಿತೇ? ಪ್ಯಾಡಿನ ಸಂಖ್ಯೆಯೂ ಲೈಬ್ರರಿಯ ಸಂಖ್ಯೆಯೂ ಹೊಂದುತ್ತಿಲ್ಲ. 1991ರ ಜನರಲ್ ಮಿಡಿ ಕ್ರಮದಲ್ಲಿ ಕಿಕ್ 36, ಸೈಡ್ ಸ್ಟಿಕ್ 37, ಸ್ನೇರ್ 38, ಮುಚ್ಚಿದ ಹೈ-ಹ್ಯಾಟ್ 42, ಪೆಡಲ್ ಹೈ-ಹ್ಯಾಟ್ 44, ತೆರೆದದ್ದು 46, ಕ್ರ್ಯಾಶ್ ಸಿಂಬಲ್ 49, ರೈಡ್ ಸಿಂಬಲ್ 51, ರೈಡ್‌ನ ನಡುವಿನ ಉಬ್ಬು (ಬೆಲ್) 53. ಕಿಟ್ ತಯಾರಕರು ಇದಕ್ಕೆ ತಮ್ಮದೇ ಸಂಖ್ಯೆಗಳನ್ನು ಸೇರಿಸಿಕೊಂಡಿರುತ್ತಾರೆ. ರೋಲಂಡ್ ಕಿಟ್‌ನಲ್ಲಿ ಸ್ನೇರ್ ಅಂಚು 40, ಹೈ-ಹ್ಯಾಟ್ ಅಂಚು ಮುಚ್ಚಿದಾಗ 22, ತೆರೆದಾಗ 26. ಹೆಚ್ಚಿನ ಲೈಬ್ರರಿಗಳಲ್ಲಿ ಹೆಸರುವಾಸಿ ಕಿಟ್‌ಗಳ ಮ್ಯಾಪ್ ಸಿದ್ಧವಾಗಿಯೇ ಇರುತ್ತದೆ, ಮೊದಲು ಅದನ್ನು ಆರಿಸಿ. ಉಳಿದದ್ದನ್ನು ‘ಲರ್ನ್’ ಒತ್ತಿ, ಪ್ಯಾಡ್ ಹೊಡೆದು ಕಲಿಸಿ. ಸ್ವರದ ಹೆಸರನ್ನು ನೆಚ್ಚಿಕೊಳ್ಳಬೇಡಿ: ಅದೇ 36ನ್ನು ಒಂದು ತಂತ್ರಾಂಶ ಸಿ1 ಎಂದರೆ ಇನ್ನೊಂದು ಸಿ2 ಎನ್ನುತ್ತದೆ. ಸಂಖ್ಯೆ ಮಾತ್ರ ಬದಲಾಗುವುದಿಲ್ಲ.

ಹೈ-ಹ್ಯಾಟ್ ಪೆಡಲ್‌ನ ಸ್ಥಾನ ಸಾಮಾನ್ಯವಾಗಿ ಕಂಟ್ರೋಲರ್ 4 ಎಂಬ ಸಂದೇಶವಾಗಿ 0ಯಿಂದ 127ರವರೆಗೆ ಬರುತ್ತದೆ. ಲೈಬ್ರರಿಯ ಹೈ-ಹ್ಯಾಟ್ ಪುಟ ತೆರೆದು ಪೆಡಲ್ ನಿಧಾನವಾಗಿ ಒತ್ತಿ ನೋಡಿ. ಪೂರ್ತಿ ಒತ್ತಿದರೂ ಅಂಕಿ 110ಕ್ಕೇ ನಿಂತರೆ, 110ನ್ನೇ ‘ಮುಚ್ಚಿದೆ’ ಎಂದು ಹೊಂದಿಸಬೇಕು. ಹೊಂದಿಸದಿದ್ದರೆ ಬಿಗಿಯಾಗಿ ಮುಚ್ಚಿದ ಹ್ಯಾಟ್ ನಿಮಗೆ ಸಿಗುವುದೇ ಇಲ್ಲ, ಸದಾ ಸ್ವಲ್ಪ ಸೋರುತ್ತಿರುತ್ತದೆ. ದಿಕ್ಕು ತಿರುಗುಮುರುಗಾಗಿದ್ದರೆ ‘ಇನ್ವರ್ಟ್’ ಇರುತ್ತದೆ. ಇಡೀ ಕಿಟ್‌ಗೆ ಕೊಡುವ ಸಮಯದ ಅರ್ಧವನ್ನು ಇಲ್ಲಿಗೇ ಕೊಟ್ಟರೂ ನಷ್ಟವಿಲ್ಲ. ಕೇಳುಗನ ಕಿವಿ ಹಾಡಿನುದ್ದಕ್ಕೂ ಹೆಚ್ಚು ಬಾರಿ ಕೇಳುವುದು ಹೈ-ಹ್ಯಾಟನ್ನೇ.

ಹಂತ 8: ಏಟಿನ ತೂಕ

ಪ್ರತಿ ಏಟಿಗೂ 1ರಿಂದ 127ರವರೆಗಿನ ಒಂದು ವೆಲಾಸಿಟಿ ಸಂಖ್ಯೆ ಇರುತ್ತದೆ. ಸ್ನೇರ್ ಮೇಲೆ ಒಂದು ನಿಮಿಷ ನುಡಿಸಿ ದಾಖಲಿಸಿ: ಮೊದಲು ಬೆರಳ ತುದಿಯ ಮೆಲುವಾದ ಏಟು, ಆಮೇಲೆ ಸಾಮಾನ್ಯ ಏಟು, ಕೊನೆಗೆ ಮೈಮರೆತು ಹೊಡೆಯುವಂಥದ್ದು. ಈಗ ಸಂಖ್ಯೆಗಳನ್ನು ನೋಡಿ. ಮೆಲು ಏಟು 15ರಿಂದ 40ರ ನಡುವೆ, ಸಾಮಾನ್ಯ ಬ್ಯಾಕ್‌ಬೀಟ್ (2 ಮತ್ತು 4ನೇ ಬೀಟಿನ ಸ್ನೇರ್ ಏಟು) 100ರ ಆಸುಪಾಸಿನಲ್ಲಿ, 127 ಅಪರೂಪಕ್ಕೆ ಮಾತ್ರ ಬರುವಂತಿದ್ದರೆ ಒಳ್ಳೆಯದು. ಎಲ್ಲವೂ 127ಕ್ಕೆ ಹೋಗಿ ಬಡಿಯುತ್ತಿದ್ದರೆ ಮಾಡ್ಯೂಲ್‌ನ ಸೆನ್ಸಿಟಿವಿಟಿ ಇಳಿಸಿ. ಮೆಲು ಏಟುಗಳು ದಾಖಲೇ ಆಗದಿದ್ದರೆ ಥ್ರೆಶೋಲ್ಡ್ (ಏಟೆಂದು ಗುರುತಿಸಲು ಬೇಕಾದ ಕನಿಷ್ಠ ಬಲ) ಇಳಿಸಿ. ಮಾಡ್ಯೂಲ್‌ನಲ್ಲಿ ಸರಿಮಾಡಿದ ಮೇಲಷ್ಟೇ ಲೈಬ್ರರಿಯ ವೆಲಾಸಿಟಿ ಕರ್ವ್ ಮುಟ್ಟಿ. ಎರಡು ಕಡೆ ಒಟ್ಟಿಗೆ ತಿರುಚಿದರೆ ಯಾವುದು ಏನು ಮಾಡಿತು ಎಂಬುದೇ ತಿಳಿಯುವುದಿಲ್ಲ.

ಇನ್ನೆರಡು ಕಾಟಗಳಿವೆ. ಸ್ನೇರ್ ಹೊಡೆದಾಗ ಟಾಮ್ ಕೂಡ ಸಣ್ಣಗೆ ನುಡಿದರೆ ಅದು ಕ್ರಾಸ್‌ಟಾಕ್: ಕಂಬಿಗಳ ಮೂಲಕ ಅದುರು ಹಾದುಹೋಗುತ್ತಿದೆ. ಹಿಡಿಕೆಗಳನ್ನು ಬಿಗಿ ಮಾಡಿ, ಟಾಮ್‌ನ ಥ್ರೆಶೋಲ್ಡ್ ತುಸು ಏರಿಸಿ. ಒಂದೇ ಏಟು ಎರಡಾಗಿ ದಾಖಲಾದರೆ ಅದು ಡಬಲ್ ಟ್ರಿಗರ್: ಮಾಸ್ಕ್ ಟೈಮ್ ಅಥವಾ ರಿಟ್ರಿಗರ್ ಕ್ಯಾನ್ಸಲ್ ಎಂಬ ಸೆಟ್ಟಿಂಗ್ ಅನ್ನು ಸ್ವಲ್ಪ ಸ್ವಲ್ಪವೇ ಏರಿಸಿ. ಜಾಸ್ತಿ ಏರಿಸಿದರೆ ನಿಜವಾದ ವೇಗದ ಏಟುಗಳೂ ನುಂಗಿಹೋಗುತ್ತವೆ.

ಹಂತ 9: ಮುದ್ರಣ

ಎರಡು ಬಾರ್ (ತಾಳದ ಆವರ್ತ) ಮುನ್ನೆಣಿಕೆ ಇಟ್ಟುಕೊಳ್ಳಿ. ನಿಧಾನದ ಹಾಡಿಗೆ ಕ್ಲಿಕ್ ಅನ್ನು (ವೇಗ ತೋರಿಸುವ ಟಿಕ್ ಸದ್ದು) ಎಂಟನೆಯ ಸ್ವರಗಳಿಗೆ, ಅಂದರೆ ಅರ್ಧ ಬೀಟಿಗೊಂದರಂತೆ, ಹಾಕಿದರೆ ನಡುವಿನ ಖಾಲಿ ಜಾಗದಲ್ಲಿ ಓಡುವುದು ತಪ್ಪುತ್ತದೆ. ಮುದ್ರಿಸುವಾಗಲೇ ತಿದ್ದುವ ಇನ್‌ಪುಟ್ ಕ್ವಾಂಟೈಸ್ ಆಫ್ ಇರಲಿ. ಮಿಡಿಯ ಜೊತೆಗೆ ಮಾಡ್ಯೂಲ್‌ನ ಸ್ಟೀರಿಯೋ ಧ್ವನಿಯನ್ನೂ ಇನ್ನೊಂದು ಟ್ರ್ಯಾಕಿಗೆ ಹಿಡಿದಿಟ್ಟರೆ ಮುಂದೆ ಅನುಮಾನ ಬಂದಾಗ ಹೋಲಿಸಲು ಸಾಕ್ಷಿ ಸಿಗುತ್ತದೆ.

ಬಾರ್ ಬಾರ್ ಆಗಿ ತುಂಡರಿಸಿ ನುಡಿಸುವುದಕ್ಕಿಂತ ಇಡೀ ಹಾಡನ್ನು ಮೂರು ನಾಲ್ಕು ಸಲ ಪೂರ್ತಿ ನುಡಿಸಿ, ಒಳ್ಳೆಯ ಭಾಗಗಳನ್ನು ಹೆಕ್ಕಿ ಜೋಡಿಸುವುದು ನನಗೆ ಒಪ್ಪಿಗೆ. ಪಲ್ಲವಿಯಿಂದ ಚರಣಕ್ಕೆ ಹೋಗುವಾಗ ಕೈ ತಾನಾಗಿ ತೋರುವ ಬಿಗಿ-ಸಡಿಲ ತುಂಡು ಮುದ್ರಣದಲ್ಲಿ ಸಿಗುವುದಿಲ್ಲ.

ಹೆಡ್‌ಫೋನ್ ಮುಚ್ಚಿದ ಬಗೆಯದಾಗಿರಲಿ. ಕ್ಲಿಕ್ ಕೇಳಲೆಂದು ವಾಲ್ಯೂಮ್ ಏರಿಸುತ್ತಾ ಹೋಗುವುದು ಡ್ರಮ್ಮರುಗಳ ಹಳೆಯ ಚಟ. ಅಮೆರಿಕದ ಎನ್ಐಒಎಸ್ಎಚ್ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್‌ಗೆ ದಿನಕ್ಕೆ ಎಂಟು ಗಂಟೆ ಮಿತಿ, ಪ್ರತಿ 3 ಡೆಸಿಬೆಲ್ ಏರಿಕೆಗೂ ಅದು ಅರ್ಧಕ್ಕೆ ಇಳಿಯುತ್ತದೆ. 94ರಲ್ಲಿ ಉಳಿಯುವುದು ಒಂದೇ ಗಂಟೆ. ಕ್ಲಿಕ್‌ಗೆ ಚೂಪಾದ ಧ್ವನಿ ಆರಿಸಿ, ಉಳಿದ ವಾದ್ಯಗಳನ್ನು ಇಳಿಸಿ.

ಹಂತ 10: ತಿದ್ದುವುದು, ಬರೆಯುವುದು

ಏಟುಗಳನ್ನು ತಾಳದ ಗೆರೆಗೆ ಎಳೆಯುವ ಕ್ವಾಂಟೈಸ್ ಗುಂಡಿಯನ್ನು ನೂರಕ್ಕೆ ನೂರು ಒತ್ತಿದರೆ ಇಷ್ಟು ಹೊತ್ತು ಪಟ್ಟ ಶ್ರಮವೆಲ್ಲ ಒಂದು ಕ್ಷಣದಲ್ಲಿ ಹೋಗುತ್ತದೆ. ನಿಮಿಷಕ್ಕೆ 120 ಬೀಟ್ ವೇಗದಲ್ಲಿ ಹದಿನಾರನೆಯ ಸ್ವರಗಳ ನಡುವೆ 125 ಮಿಲಿಸೆಕೆಂಡ್ ಅಂತರವಿರುತ್ತದೆ. ಅದರಲ್ಲಿ ಐದು ಹತ್ತು ಮಿಲಿಸೆಕೆಂಡ್ ಆಚೀಚೆ ಇರುವುದೇ ನುಡಿಸುವವರ ಗುರುತು. ಮೊದಲು ಕಣ್ಣು ಮುಚ್ಚಿ ಕೇಳಿ, ಎಡವಿದಂತೆ ಅನಿಸಿದ ಜಾಗಕ್ಕೆ ಮಾತ್ರ ಕೈ ಹಾಕಿ. ಕಿಕ್ ಮತ್ತು ಕ್ರ್ಯಾಶ್ ಒಟ್ಟಿಗೆ ಬೀಳಬೇಕಾದಲ್ಲಿ ಒಟ್ಟಿಗೆ ಬೀಳಿಸಿ. ಉಳಿದದ್ದಕ್ಕೆ ಕ್ವಾಂಟೈಸ್ ಬಲವನ್ನು ಅರ್ಧದಷ್ಟಕ್ಕೆ ಇಟ್ಟು ನೋಡಿ. ಘೋಸ್ಟ್ ನೋಟ್ ಎಂಬ ಪಿಸುಮಾತಿನ ಏಟುಗಳನ್ನು ಗೆರೆಗೆ ಎಳೆಯದಿರುವುದೇ ಲೇಸು. ಎಲ್ಲ ಏಟುಗಳೂ ಒಂದೇ ಪ್ರಮಾಣದಲ್ಲಿ ಗೆರೆಯಿಂದ ಸರಿದಿದ್ದರೆ ಅದು ತಡದ ಕೆಲಸ, ಇಡೀ ಟ್ರ್ಯಾಕನ್ನು ಒಟ್ಟಿಗೆ ಸರಿಸಿ.

ಹೊಯ್ದಾಟದ ನಡೆ ಬೇಕಾದರೆ, ಪ್ರತಿ ಜೋಡಿಯ ಎರಡನೆಯ ಏಟನ್ನು ತುಸು ತಡ ಮಾಡುವ ಸ್ವಿಂಗ್ ಇದೆ. ರೋಜರ್ ಲಿನ್ 1980ರ ಎಲ್ಎಂ-1 ಡ್ರಮ್ ಯಂತ್ರದಲ್ಲಿ ತಂದ ಈ ಸೌಲಭ್ಯ ಇಂದು ಎಲ್ಲ ತಂತ್ರಾಂಶಗಳಲ್ಲೂ ಇದೆ. ಅವರ ಅಳತೆಯಲ್ಲಿ 50 ಶೇಕಡಾ ಎಂದರೆ ನೇರ, ಸುಮಾರು 66 ಎಂದರೆ ಪೂರ್ತಿ ತ್ರಿವಳಿ ನಡೆ. ರುಚಿ ಇರುವುದು ನಡುವಿನ 54ರಿಂದ 60ರಲ್ಲಿ. ಕೆಲವು ತಂತ್ರಾಂಶಗಳು ಇದನ್ನು 0ಯಿಂದ 100ರ ಅಳತೆಯಲ್ಲಿ ತೋರಿಸುವುದರಿಂದ ಸಂಖ್ಯೆಯನ್ನು ಕುರುಡಾಗಿ ನಕಲು ಮಾಡಬೇಡಿ.

ಮೌಸ್‌ನಿಂದ ಬರೆಯುವವರಿಗೆ ಒಂದೇ ಕಟ್ಟಳೆ: ಡ್ರಮ್ಮರ್‌ಗೆ ಎರಡೇ ಕೈ, ಎರಡೇ ಕಾಲು. ಹೈ-ಹ್ಯಾಟ್, ಸ್ನೇರ್, ಕ್ರ್ಯಾಶ್ ಮೂರೂ ಕೋಲಿನಿಂದ ಒಂದೇ ಗಳಿಗೆಯಲ್ಲಿ ಬಿದ್ದರೆ ಮೂರನೆಯ ಕೈ ಎಲ್ಲಿಂದ ಬಂತು? ಟಾಮ್‌ಗಳ ಮೇಲೆ ಫಿಲ್ ಓಡುವಾಗ ಹೈ-ಹ್ಯಾಟ್ ನಿಲ್ಲಬೇಕು, ಇಲ್ಲವೇ ಕಾಲಿನ ಪೆಡಲ್ ಧ್ವನಿಗೆ ಬದಲಾಗಬೇಕು.

ಒಂದು ಬಾರ್ ಬರೆದು ನೋಡೋಣ. ನಾಲ್ಕು ಬೀಟಿನ ಬಾರನ್ನು 16 ಮನೆಗಳಾಗಿ ಭಾಗಿಸಿ. ಕಿಕ್ 1, 9 ಮತ್ತು 11ನೇ ಮನೆಯಲ್ಲಿ. ಸ್ನೇರ್ 5 ಮತ್ತು 13ರಲ್ಲಿ, ವೆಲಾಸಿಟಿ 105 ಮತ್ತು 110. ಹೈ-ಹ್ಯಾಟ್ ಎಲ್ಲ ಬೆಸ ಮನೆಗಳಲ್ಲಿ, ಆದರೆ 1, 5, 9, 13ರಲ್ಲಿ 95ರ ಆಸುಪಾಸು, ನಡುವಿನವು 65ರಿಂದ 75. ಈಗ ಸ್ನೇರ್‌ನಲ್ಲಿ 8 ಮತ್ತು 10ನೇ ಮನೆಗೆ 25ರಷ್ಟು ಮೆಲುವಾದ ಎರಡು ಏಟು ಸೇರಿಸಿ. ಬಲಗೈ ಹ್ಯಾಟ್‌ನಲ್ಲಿ, ಎಡಗೈ ಸ್ನೇರ್‌ನಲ್ಲಿ ಇದನ್ನು ನಿಜವಾಗಿ ನುಡಿಸಬಹುದು. ಆ ಎರಡು ಏಟುಗಳನ್ನು ಮ್ಯೂಟ್ ಮಾಡಿ, ಮತ್ತೆ ತೆರೆದು ಕೇಳಿ: ಬಾರ್ ನಡೆಯತೊಡಗುವುದು ಅವುಗಳಿಂದಲೇ. ಕೊನೆಗೆ ಸ್ನೇರ್ ಟ್ರ್ಯಾಕನ್ನು ಐದಾರು ಮಿಲಿಸೆಕೆಂಡ್ ತಡವಾಗಿ ಬೀಳುವಂತೆ ಸರಿಸಿದರೆ ಹಾಡು ಒರಗಿ ಕುಳಿತಂತಾಗುತ್ತದೆ. ನಾಲ್ಕು ಬಾರ್ ನಕಲು ಮಾಡಿ ಅಂಟಿಸಿದ ಮೇಲೆ ಪ್ರತಿಯೊಂದರಲ್ಲೂ ಏನಾದರೂ ಒಂದು ಬದಲಿಸಿ.

ಅಕೌಸ್ಟಿಕ್ ಕಿಟ್ ಇದ್ದವರಿಗೆ

ಸದ್ದಿಗೆ ಅವಕಾಶವಿದ್ದರೆ ನಾಲ್ಕು ಮೈಕ್ ಸಾಕು. ಗ್ಲಿನ್ ಜಾನ್ಸ್ ಅವರ ಹೆಸರಿನಿಂದಲೇ ಪ್ರಸಿದ್ಧವಾದ ಕ್ರಮದಲ್ಲಿ ಒಂದು ಕಂಡೆನ್ಸರ್ ಮೈಕ್ ಸ್ನೇರ್‌ನ ಮೇಲೆ ಸುಮಾರು ಒಂದು ಮೀಟರ್ ಎತ್ತರದಲ್ಲಿ, ಇನ್ನೊಂದು ಫ್ಲೋರ್ ಟಾಮ್‌ನ ಪಕ್ಕದಿಂದ ಹೈ-ಹ್ಯಾಟ್ ಕಡೆಗೆ ನೋಡುವಂತೆ ಇರುತ್ತದೆ. ಎರಡೂ ಸ್ನೇರ್‌ನ ನಡುವಿನಿಂದ ಒಂದೇ ದೂರದಲ್ಲಿರಬೇಕು. ಅಂದಾಜು ಬೇಡ, ದಾರ ಹಿಡಿದು ಅಳೆಯಿರಿ. ಕಿಕ್‌ಗೆ ಎಕೆಜಿ ಡಿ112ರಂಥದ್ದು, ಸ್ನೇರ್‌ಗೆ ಶೂರ್ ಎಸ್ಎಂ57. ಕಂಡೆನ್ಸರ್‌ಗಳಿಗೆ 48 ವೋಲ್ಟ್ ಫ್ಯಾಂಟಮ್ ಪವರ್ ಆನ್ ಇರಲಿ. 24 ಬಿಟ್‌ನಲ್ಲಿ ಮುದ್ರಿಸಿ, ಅತಿ ಜೋರಿನ ಏಟೂ ಮೈನಸ್ 10 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲುವಂತೆ ಗೇನ್ ಇಡಿ. ಅನಂತರ ಒಂದೊಂದೇ ಮೈಕ್‌ನ ಪೊಲಾರಿಟಿ ಗುಂಡಿ (ಧ್ವನಿಯ ಅಲೆಯನ್ನು ತಲೆಕೆಳಗು ಮಾಡುವುದು) ಒತ್ತಿ ನೋಡಿ, ಯಾವ ಸ್ಥಿತಿಯಲ್ಲಿ ಕಿಕ್ ಮತ್ತು ಸ್ನೇರ್ ಮೈದುಂಬಿ ಕೇಳುತ್ತವೆಯೋ ಅದೇ ಸರಿ.

ತಾರಸಿ ತಗ್ಗಾಗಿರುವ ಕೋಣೆಯಲ್ಲಿ ಮೇಲಿನ ಮೈಕ್‌ಗೆ ಸಿಂಬಲ್‌ಗಿಂತ ತಾರಸಿಯ ಪ್ರತಿಫಲನವೇ ಕರ್ಕಶವಾಗಿ ಬಂದು ಬೀಳುತ್ತದೆ. ಅಲ್ಲಿ ದಪ್ಪನೆಯ ಶಬ್ದಹೀರುಕ ಕಟ್ಟಿ. ಚರ್ಮದ ಶ್ರುತಿ ಕೆಟ್ಟಿರುವ ಕಿಟ್‌ಗೆ ಯಾವ ಮೈಕೂ ಮದ್ದಲ್ಲ.

ಹಂತ 11: ಮಿಕ್ಸ್

ಲೈಬ್ರರಿಯನ್ನು ಮಲ್ಟಿ-ಔಟ್ ರೂಪದಲ್ಲಿ ತೆರೆದು ಕಿಕ್, ಸ್ನೇರ್, ಟಾಮ್, ಹೈ-ಹ್ಯಾಟ್, ಓವರ್‌ಹೆಡ್ (ಕಿಟ್‌ನ ಮೇಲಿನ ಮೈಕ್‌ಗಳು), ರೂಮ್ (ಕೋಣೆಯ ಮೈಕ್) ಎಂದು ಬೇರೆ ಬೇರೆ ಚಾನೆಲ್‌ಗಳಿಗೆ ಹರಿಸಿ. ಎಲ್ಲವನ್ನೂ ಡ್ರಮ್ ಬಸ್ ಎಂಬ ಒಂದೇ ಒಟ್ಟು ಚಾನೆಲ್‌ಗೆ ಸೇರಿಸಿ. ಮೊದಲು ಓವರ್‌ಹೆಡ್ ಮಾತ್ರ ತೆರೆದು ಕೇಳಿ, ಇಡೀ ಕಿಟ್‌ನ ಚಿತ್ರ ಅಲ್ಲಿದೆ. ಅದರ ಕೆಳಗೆ ಕಿಕ್ ಮತ್ತು ಸ್ನೇರ್‌ಗಳನ್ನು ಆಧಾರವಾಗಿ ಏರಿಸಿ.

ಕಿಕ್‌ನ ತೂಕ 50ರಿಂದ 80 ಹರ್ಟ್ಸ್‌ನಲ್ಲಿ, ರಟ್ಟಿನ ಪೆಟ್ಟಿಗೆಯ ಸದ್ದು 300ರಿಂದ 500ರಲ್ಲಿ, ಬೀಟರ್‌ನ ಟಕ್ ಸದ್ದು 3ರಿಂದ 5 ಕಿಲೋಹರ್ಟ್ಸ್‌ನಲ್ಲಿ ಸಿಗುತ್ತದೆ. ಸ್ನೇರ್‌ನ ಮೈ 150ರಿಂದ 250ರಲ್ಲಿ. ಬೇಡದ್ದನ್ನು ಇಳಿಸುವುದರಿಂದ ಆರಂಭಿಸಿ, ಬೇಕಾದ್ದನ್ನು ಏರಿಸುವುದು ಆಮೇಲೆ. ಹೆಚ್ಚಿನ ವಾಣಿಜ್ಯ ಲೈಬ್ರರಿಗಳ ಸಿದ್ಧ ಕಿಟ್‌ಗಳಲ್ಲಿ ಈಕ್ಯೂ, ಕಂಪ್ರೆಷನ್ ಮೊದಲೇ ಬಳಿದಿರುತ್ತದೆ. ಅದರ ಮೇಲೆ ಮತ್ತೆ ಬಳಿಯುವ ಮುನ್ನ ನಿಜವಾಗಿ ಅಗತ್ಯವಿದೆಯೇ ಎಂದು ಕೇಳಿಕೊಳ್ಳಿ.

ಸ್ನೇರ್‌ಗೆ ಕಂಪ್ರೆಸರ್ (ಜೋರು ಭಾಗಗಳನ್ನು ಅದುಮುವ ಸಾಧನ) ಹಾಕುವುದಾದರೆ ಅನುಪಾತ 4:1, ಅಟ್ಯಾಕ್ (ಅದುಮಲು ತೆಗೆದುಕೊಳ್ಳುವ ಹೊತ್ತು) 10ರಿಂದ 30 ಮಿಲಿಸೆಕೆಂಡ್. ಅಟ್ಯಾಕ್ ತೀರಾ ವೇಗವಾದರೆ ಏಟಿನ ಮೊನೆಯೇ ಮೊಂಡಾಗುತ್ತದೆ. ಇಡೀ ಕಿಟ್ ದಟ್ಟವಾಗಬೇಕಿದ್ದರೆ ಡ್ರಮ್ ಬಸ್‌ನ ಒಂದು ಪ್ರತಿಯನ್ನು ಬೇರೆ ಚಾನೆಲ್‌ಗೆ ಕಳಿಸಿ, ಅಲ್ಲಿ ಜೋರಾಗಿ ಅದುಮಿ, ಮೂಲದ ಕೆಳಗೆ ಕೊಂಚವೇ ಬೆರೆಸಿ. ಕಿವಿಗೆ ಅದು ಇರುವುದು ಗೊತ್ತಾಗಬಾರದು, ತೆಗೆದಾಗ ಮಾತ್ರ ಏನೋ ಕಳೆದಂತಾಗಬೇಕು. ರಿವರ್ಬ್ ಹಾಕುವ ಮೊದಲು ಲೈಬ್ರರಿಯ ರೂಮ್ ಮೈಕ್ ಏರಿಸಿ ನೋಡಿ, ಹಲವು ಬಾರಿ ಅದೇ ಸಾಕಾಗುತ್ತದೆ. ಕಿಕ್ ಮತ್ತು ಬೇಸ್ ಗಿಟಾರ್ ಒಂದೇ ಜಾಗಕ್ಕೆ ಕಚ್ಚಾಡುತ್ತಿದ್ದರೆ ಯಾರು ಕೆಳಗೆ, ಯಾರು ಮೇಲೆ ಎಂದು ಪಂಚಾಯ್ತಿ ಮಾಡಿ: ಕಿಕ್‌ಗೆ 60 ಹರ್ಟ್ಸ್ ಬಿಟ್ಟುಕೊಟ್ಟರೆ ಬೇಸ್‌ಗೆ 100ರ ಆಸುಪಾಸು. ಮೋನೋ ಗುಂಡಿ ಒತ್ತಿ ಒಮ್ಮೆ, ಫೋನಿನ ಸ್ಪೀಕರ್‌ನಲ್ಲಿ ಒಮ್ಮೆ ಕೇಳಿ. ಕಿಕ್ ಅಲ್ಲೂ ಗೊತ್ತಾಗಬೇಕು ಎಂದಾದರೆ ಕೆಳಗಿನ ತೂಕವನ್ನು ಇನ್ನೂ ಏರಿಸಿ ಪ್ರಯೋಜನವಿಲ್ಲ, ಬೀಟರ್‌ನ ಟಕ್ ಸದ್ದನ್ನು ಏರಿಸಬೇಕು.

ಹಂತ 12: ಹೊರಗೆ ಕಳಿಸುವುದು

ಬೇರೆಯವರು ಮಿಕ್ಸ್ ಮಾಡುವುದಾದರೆ ಪ್ರತಿ ಚಾನೆಲನ್ನು ಪ್ರತ್ಯೇಕ ವೇವ್ ಕಡತವಾಗಿ, 24 ಬಿಟ್‌ನಲ್ಲಿ ತೆಗೆಯಿರಿ. ಎಲ್ಲವೂ ಹಾಡಿನ ಮೊದಲ ಬಾರ್‌ನಿಂದಲೇ ಶುರುವಾಗಲಿ, ಕ್ರ್ಯಾಶ್ ಮೂರನೇ ನಿಮಿಷದಲ್ಲಿ ಬಂದರೂ ಸರಿ. ಡ್ರಮ್ ಬಸ್‌ನ ಕಂಪ್ರೆಸರ್ ಮತ್ತು ಲಿಮಿಟರ್ ಇಲ್ಲದೆ ಒಂದು ಪ್ರತಿ, ನಿಮ್ಮ ಮನಸ್ಸಿನಲ್ಲಿರುವ ಧ್ವನಿ ತಿಳಿಯಲು ಅವು ಸಹಿತ ಒಂದು ಸ್ಟೀರಿಯೋ ಪ್ರತಿ ಕಳಿಸಿ. ಕಡತದ ಹೆಸರಿನಲ್ಲೇ ವಾದ್ಯ, ವೇಗ, ಸ್ಯಾಂಪಲ್ ರೇಟ್ ಇರಲಿ.

ನಿಮ್ಮ ಸ್ವಂತ ಕಪಾಟಿಗೆ ಇವುಗಳ ಜೊತೆಗೆ ಮಿಡಿ ಕಡತವನ್ನೂ, ಮ್ಯಾಪಿಂಗ್ ಪ್ರಿಸೆಟ್ಟನ್ನೂ, ಲೈಬ್ರರಿ ಮತ್ತು ಕಿಟ್‌ನ ಹೆಸರು ಬರೆದ ಒಂದು ಸಣ್ಣ ಪಠ್ಯ ಕಡತವನ್ನೂ ಸೇರಿಸಿಡಿ. ತಂತ್ರಾಂಶದ ಮುಂದಿನ ಆವೃತ್ತಿ ಹಳೆಯ ಪ್ರಾಜೆಕ್ಟನ್ನು ತೆರೆಯಲು ನಿರಾಕರಿಸಿದ ದಿನ ಆ ಮಿಡಿ ಕಡತದಿಂದ ಎಲ್ಲವನ್ನೂ ಮತ್ತೆ ಎಬ್ಬಿಸಬಹುದು.